ಬೀಗ ಹಾಕಿದ ಮನೆಯ ರೀಡಿಂಗ್

ಮೂವತ್ತೆರಡು ವರ್ಷ ಒಂದೇ ಸೀಮೆ ಸುತ್ತಿದವನಿಗೆ ಅದರ ಮೂಲೆ ಮೂಲೆಯೂ ಗೊತ್ತಿರಬೇಕಲ್ಲ? ಜನ ಹಾಗೆಂದೇ ತಿಳಿದಿದ್ದರು. ಮೀಟರಣ್ಣನ ಹೆಂಡತಿಯೂ ಹಾಗೆಂದೇ ತಿಳಿದಿದ್ದಳು. ಕರೆಂಟಿನ ಮೀಟರು ಓದಿ ಬರೆದುಕೊಳ್ಳುವ ಕೆಲಸ ಅವನದು. ಸುತ್ತಲಿನ ಹದಿನಾಲ್ಕು ಹಳ್ಳಿ ಮುಗಿಸುವಷ್ಟರಲ್ಲಿ ತಿಂಗಳು ಕಳೆದು, ಮತ್ತೆ ಮೊದಲ ಹಳ್ಳಿ ಕಾದು ಕೂತಿರುತ್ತಿತ್ತು. ಯಾವ ಮನೆಯ ಮೀಟರು ಬಾಗಿಲ ಪಕ್ಕ, ಯಾವುದು ಮೆಟ್ಟಿಲ ಕೆಳಗೆ, ಯಾವುದರ ಗಾಜಿಗೆ ಜೇಡ ಬಲೆ ಕಟ್ಟಿದೆ, ಎಲ್ಲಿ ನಾಯಿಯನ್ನು ಕಟ್ಟಿಹಾಕಿಲ್ಲ, ಎಲ್ಲವೂ ಬಾಯಿಪಾಠ. ಪಾಪ, ಗೊತ್ತಿದ್ದದ್ದು ಅಷ್ಟೇ. ಮೀಟರಿನಿಂದಾಚೆಗೆ ಅವನು ಕಣ್ಣು ಹಾಯಿಸಿದವನೇ ಅಲ್ಲ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದು ಹದಿನೆಂಟು ವರ್ಷ ಬದುಕಿದರು. ಅವರು ಹೋದ ಮೇಲೆ ಹೊಲಿಗೆ ಯಂತ್ರವೇ ಇನ್ನೊಬ್ಬ ಅತ್ತೆಯಾಯಿತು. ಅಂಗಡಿ ಬೀದಿಯ ಆಚೆಗೆ ಅವಳು ಕಾಲಿಟ್ಟದ್ದನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಾಗಾಗಿ ಸಂಜೆ ಗಂಡ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು: "ಇವತ್ತು ಏನೇನು ನೋಡಿದ್ರಿ?"

"ಏನಿರುತ್ತೆ, ಮೀಟರು" ಎಂದು ಮೊದಮೊದಲು ನಿಜವನ್ನೇ ಹೇಳಿದ. ಅವಳ ಮುಖ ಸಪ್ಪೆಯಾಗುತ್ತಿತ್ತು. ಅದನ್ನು ನೋಡಲಾರದೆ ಒಂದು ಸಂಜೆ ಬಾಯಿಗೆ ಬಂದದ್ದು ಹೇಳಿಬಿಟ್ಟ. ಹಳ್ಳದ ಸೇತುವೆಯ ಪಕ್ಕ ಒಂದು ದೊಡ್ಡ ಮರ, ಮೈತುಂಬ ಹಳದಿ ಹೂವು. ಆಮೇಲೆ ಕಲ್ಲು ಒಡೆಯುವ ಗುಂಡಿಯಲ್ಲಿ ನಿಂತ ಹಸಿರು ನೀರು. ಆಮೇಲೆ ನೀಲಿ ಕಿಟಕಿಯ ಮನೆ, ಅದರ ಮಾಡಿನ ಮೇಲೆ ನಲವತ್ತು ಪಾರಿವಾಳ. ಕಾಗಕ್ಕ ಗುಬ್ಬಕ್ಕನ ಕಥೆ ಹೀಗೆ ವರ್ಷಗಟ್ಟಲೆ ಬೆಳೆಯಿತು.

ಇದನ್ನು ಅವನಿಗೆ ಕಲಿಸಿದ್ದು ಕೆಲಸವೇ. ಮನೆಗೆ ಬೀಗ ಹಾಕಿದ್ದರೆ ಮೀಟರಿನವನು ಕಾಯುತ್ತ ಕೂರುವುದಿಲ್ಲ. ಹಿಂದಿನ ತಿಂಗಳುಗಳ ಅಂಕಿ ನೋಡಿ ಅಂದಾಜಿನಲ್ಲಿ ಒಂದನ್ನು ಬರೆದು ಮುಂದಿನ ಮನೆಗೆ ಹೋಗುತ್ತಾನೆ. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಹೆಂಡತಿಗೂ ಇದು ಗೊತ್ತಿತ್ತು. ಅವನೇ ಒಮ್ಮೆ ನಗುತ್ತ ಹೇಳಿದ್ದ.

ಅವನು ನಿವೃತ್ತನಾದ ವರ್ಷವೇ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗದೆ ಹೋಯಿತು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ನರ ಒಣಗ್ತಾ ಇದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಇನ್ನೊಂದು ಆರು ತಿಂಗಳು ಅಂದ್ಕೊಳ್ಳಿ" ಎಂದರು.

ಅವಳು ಅಳಲಿಲ್ಲ. ಮೆಟ್ಟಿಲಿಳಿಯುವಾಗ ಹೇಳಿದಳು: "ದೂರದ ಊರೆಲ್ಲ ನಂಗೆ ಬೇಡ ಕಣ್ರೀ. ನೀವು ದಿನಾ ಹೇಳ್ತಿದ್ರಲ್ಲ, ಆ ಮರ, ಆ ನೀರು, ಆ ಪಾರಿವಾಳ. ಅಷ್ಟು ತೋರಿಸಿಬಿಡಿ, ಸಾಕು."

ಮೀಟರಣ್ಣ ನಿಜ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದ. ಮೂರು ಸಲವೂ ಬಸ್ಸಿನ ಹೊತ್ತಿನ ಬಗ್ಗೆ ಮಾತಾಡಿದ. ಹೇಡಿ ಅನ್ನಬೇಕು ಅನಿಸುತ್ತದೆ. ಆದರೆ ಆ ಜಾಗಗಳಿಗೆ ಹೋಗುವ ದಿನ ಬೆಳಗ್ಗೆ ಅವಳು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕನ್ನಡಕದ ಗಾಜನ್ನು ಎರಡೆರಡು ಸಲ ಒರೆಸಿಕೊಂಡು ಹೊರಟದ್ದನ್ನು ನೋಡಿದ್ದರೆ ಯಾರಿಗೆ ಬಾಯಿ ಬರುತ್ತಿತ್ತು?

ಸೇತುವೆ ಇತ್ತು, ಮರ ಇರಲಿಲ್ಲ. "ಕಡಿದುಬಿಟ್ಟಿದಾರೆ" ಎಂದ.

"ಬುಡನಾದ್ರೂ ಇರಬೇಕಲ್ವಾ?" ಅವಳು ಕಣ್ಣು ಕಿರಿದು ಮಾಡಿ ಸೇತುವೆಯ ಎರಡೂ ಬದಿ ಹುಡುಕಿದಳು.

"ಬೇರು ಸಮೇತ ಕಿತ್ತಿರ್ತಾರೆ."

ಕಲ್ಲು ಗುಂಡಿಯಲ್ಲಿ ನೀರಿರಲಿಲ್ಲ. ಈ ವರ್ಷ ಬತ್ತಿತು ಎಂದ. ಮಧ್ಯಾಹ್ನದೊಳಗೆ ಅರ್ಧ ಸೀಮೆಯನ್ನು ಬಾಯಲ್ಲೇ ಹಾಳುಮಾಡಿ ಹಾಕಿದ್ದ. ಅವಳೋ ಒಂದೊಂದು ಜಾಗದಲ್ಲೂ ಇಲ್ಲದ್ದನ್ನು ಬಹಳ ಹೊತ್ತು ಹುಡುಕಿ, ಕಣ್ಣು ನೀರಾಡಿ, ಸೆರಗಿನಿಂದ ಒರೆಸಿಕೊಂಡು ಮತ್ತೆ ಹುಡುಕುತ್ತಿದ್ದಳು.

ನೀಲಿ ಕಿಟಕಿಯ ಮನೆಗೆ ಕಿಟಕಿಗಳಂತೂ ಇದ್ದವು, ಬಣ್ಣ ಬೂದು. ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸನ್ನು ಇವಳೇ ಕೇಳಿದಳು: "ಅಕ್ಕಾ, ನಿಮ್ಮ ಪಾರಿವಾಳ ಎಲ್ಲಿ?"

"ಪಾರಿವಾಳನಾ? ನಾನು ಈ ಮನೆಗೆ ಬಂದು ಮೂವತ್ತೈದು ವರ್ಷ ಆಯ್ತು. ಒಂದು ಕಾಗೆನೂ ಕೂರಲ್ಲ ಇಲ್ಲಿ." ಆ ಹೆಂಗಸಿನ ನೋಟ ಮೀಟರಣ್ಣನ ಮೇಲೆ ಬಿತ್ತು. "ಅಯ್ಯೋ, ಮೀಟರಣ್ಣ ಅಲ್ವಾ! ನಿಮ್ಮ ಮುಖ ಇವತ್ತೇ ಸರಿಯಾಗಿ ನೋಡ್ತಿರೋದು. ನೀರು ಬೇಕಾ ಅಂದ್ರೂ ತಲೆ ಎತ್ತುತ್ತಿರಲಿಲ್ಲ. ಬಗ್ಗಿ ಬರ್ಕೊಂಡು ಹೋಗಿಬಿಡೋರು."

ಗುಟ್ಟು ರಟ್ಟಾಯಿತು. ಇಂಗು ತಿಂದ ಮಂಗನ ಹಾಗೆ ನಿಂತ.

ವಾಪಸಾಗುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳು, ಕಣ್ಣು ಮುಚ್ಚಿ. ಹಾಗೆಯೇ ಅಂದಳು: "ನನ್ನನ್ನೂ ಬೀಗ ಹಾಕಿದ ಮನೆ ಅಂದ್ಕೊಂಡ್ರಿ. ದಿನಾ ಮನೇಲೇ ಇದ್ದೆನಲ್ಲ ನಾನು, ಬಾಗಿಲು ತೆಗೆದು."

"ನಿನ್ನ ಖುಷಿಗೆ ಅಂತ ಕಣೇ..."

"ಸುಳ್ಳಿಗೆ ಬೇಜಾರಿಲ್ಲ. ಬೆಳಗ್ಗೆಯಿಂದ ಇಲ್ಲದ್ದನ್ನೇ ಹುಡುಕಿದೆ. ಆ ಸೇತುವೆ ಕೆಳಗೆ ಏನಿತ್ತು ಅಂತ ಕೇಳಿ ನನ್ನ. ಗೊತ್ತಿಲ್ಲ. ಇದ್ದದ್ದನ್ನ ನೋಡೋಕೆ ಒಂದಿಷ್ಟು ಕಣ್ಣು ಉಳಿದಿತ್ತು, ಅದನ್ನೂ ದಂಡ ಮಾಡಿಸಿದ್ರಿ."

ಮತ್ತೆ ಹೋಗೋಣ, ಈ ಸಲ ನೀನು ಹೇಳಿದಲ್ಲಿ ಇಳಿಯೋಣ ಎಂದು ಅವನು ಎಷ್ಟು ಗೋಗರೆದರೂ ಅವಳು ಮತ್ತೆ ಹೊರಡಲು ಸೀರೆ ಬದಲಿಸಲಿಲ್ಲ. ಡಾಕ್ಟರು ಹೇಳಿದ ಆರು ತಿಂಗಳೂ ಅಂದಾಜೇ ಆಗಿತ್ತು. ಮೂರನೆಯ ತಿಂಗಳಿಗೆ ಅವಳಿಗೆ ಕಿಟಕಿಗೂ ಗೋಡೆಗೂ ವ್ಯತ್ಯಾಸ ತಿಳಿಯದಾಯಿತು.

ಆಮೇಲೆ ಅವನು ಒಬ್ಬನೇ ಹೊರಟ. ಕೈಯಲ್ಲಿ ಪುಸ್ತಕವಿಲ್ಲ, ಬರೆಯಬೇಕಾದ ಅಂಕಿಯಿಲ್ಲ. ಬೆಳಗ್ಗೆ ಹೋಗಿ ಹಳೆಯ ಬೀದಿಗಳಲ್ಲಿ ನಿಧಾನ ನಡೆದ. ಸೇತುವೆಯ ಕೆಳಗೆ ಇಳಿದು ನೋಡಿದ: ಮುರಿದ ಸೈಕಲ್ಲು, ಕಲ್ಲಿನ ಸಂದಿಯಲ್ಲಿ ಏಡಿ. ಮೂವತ್ತೆರಡು ವರ್ಷ ಎಲ್ಲಿದ್ದೆ ನಾನು ಎಂದು ಅಲ್ಲೇ ಕೂತು ಅತ್ತ. ಸಂಜೆ ಬಂದು ಕಂಡದ್ದನ್ನು ಕಂಡಷ್ಟೇ ಹೇಳುತ್ತಿದ್ದ. ಅವಳು "ಹೂಂ" ಅನ್ನುತ್ತಿದ್ದಳು. ಏನು ನೋಡಿದ್ರಿ ಎಂದು ಮಾತ್ರ ಕೇಳುತ್ತಿರಲಿಲ್ಲ.

ಒಂದು ದಿನ ಓಡೋಡಿ ಬಂದ. "ಇವತ್ತು ಆ ಬೂದು ಕಿಟಕಿ ಮನೆ ಮೇಲೆ ಪಾರಿವಾಳ ಕೂತಿದ್ವು ಕಣೇ! ಹನ್ನೊಂದು. ನಿಂತು ಎಣಿಸಿದೆ."

"ಆವಾಗ ನಲವತ್ತಿದ್ವು."

"ದೇವರಾಣೆ ಕಣೇ. ತಗೋ, ನೋಡು." ಅಂಗಳದಿಂದ ಹೆಕ್ಕಿ, ಮುದುರಬಾರದೆಂದು ಜೇಬಿಗೂ ಹಾಕದೆ ಬಸ್ಸಿನುದ್ದಕ್ಕೂ ಕೈಯಲ್ಲೇ ಹಿಡಿದು ತಂದ ಗರಿಯನ್ನು ಅವಳ ಅಂಗೈಯಲ್ಲಿಟ್ಟ.

ಅವಳು ಬೆರಳಿನಿಂದ ಅದರ ಅಂಚನ್ನು ಬಟ್ಟೆಯ ಹೊಲಿಗೆ ನೋಡುವಂತೆ ಸವರಿದಳು, ಒಂದು ಸಲ, ಇನ್ನೊಂದು ಸಲ.

"ಗರಿಯೇನೋ ನಿಜ" ಎಂದಳು. "ಎಲ್ಲಿ ಸಿಕ್ಕಿತು ಅನ್ನೋದನ್ನ ನಾನು ಹೇಗೆ ನಂಬಲಿ, ಹೇಳಿ?"