ಕಿವಿ ಆಗಲ್ಲ

ಬಸ್ ನಿಲ್ದಾಣದ ಎದುರು ಹಣ್ಣಿನ ರಸದಂಗಡಿ ನಡೆಸಿ ನಡೆಸಿ ಆಕೆಗೆ ಜ್ಯೂಸಕ್ಕ ಎಂಬ ಹೆಸರೇ ಗಟ್ಟಿಯಾಯಿತು. ಹಲಗೆಯ ಮೇಲೆ ಒಂದು ನೊಣ ಕೂತರೂ ಇಡೀ ಹಲಗೆಯನ್ನು ಬಿಸಿನೀರಿನಲ್ಲಿ ತಿಕ್ಕುವ ಹೆಂಗಸು. ಕಿವಿಹಣ್ಣನ್ನಂತೂ ಎರಡೇ ಬೆರಳಲ್ಲಿ ಹಿಡಿಯುವಳು. ಅದರ ಸಿಪ್ಪೆ ನೆಂದ ಇಲಿಮರಿಯ ಮೈಯಂತೆ. ಒಳಗಿನ ಹಸಿರು ಲೋಳೆ ಕಂಡರೆ ಮುಖ ಸಿಂಡರಿಸುವಳು.

ಅದಕ್ಕಿಂತ ಅಸಹ್ಯವೆಂದರೆ ಗಂಡನ ಚಾಳಿ. ಬೇಡವೆಂದವರ ಲೋಟಕ್ಕೂ ತನಗೆ ಹಿತವೆನಿಸಿದ್ದನ್ನು ಕದ್ದು ಬೆರೆಸುವುದು. ಅವರು ಚಪ್ಪರಿಸಿದ ಮೇಲೆ ಹಲ್ಲುಕಿರಿದು ಗುಟ್ಟು ಬಿಡುವುದು.

ಒಂದು ಮಧ್ಯಾಹ್ನ ಅವಳು ಒಳಗೆ ಜಾಡಿ ತೊಳೆಯುತ್ತಿದ್ದಾಗ ತಂಗಿಯ ಮಗಳು ಕಾಲೇಜಿನಿಂದ ಬಂದಳು.

“ದೊಡ್ಡಪ್ಪ, ಸೇಬಿನ ಜ್ಯೂಸ್ ಕೊಡಿ. ಕಿವಿ ಬೇಡ, ನಂಗೆ ಕಿವಿ ಆಗಲ್ಲ.”

“ಕಿವಿ ಆಗಲ್ವಾ? ಹಾಗಾದ್ರೆ ಮೂಗು ಹಾಕ್ಲಾ?”

“ತಮಾಷೆ ಅಲ್ಲ ದೊಡ್ಡಪ್ಪ!”

“ನಿಮ್ಮ ದೊಡ್ಡಮ್ಮಂಗೂ ಆಗಲ್ಲ ಬಿಡು. ವಂಶಕ್ಕೇ ಮುಖ ಸಿಂಡರಿಸೋ ಕಾಯಿಲೆ.”

‘ಆಗುವುದಿಲ್ಲ’ ಎಂಬುದು ಬಲು ಸೋಮಾರಿ ಕ್ರಿಯಾಪದ. ಮನಸ್ಸಿಗೆ ಹಿಡಿಸದು ಎನ್ನಲೂ ಅದೇ, ಮೈಗೆ ಒಗ್ಗದು ಎನ್ನಲೂ ಅದೇ. ಹುಡುಗಿ ಹೇಳಿದ್ದು ಒಂದು, ಅವನು ತಿಳಿದದ್ದು ಇನ್ನೊಂದು.

ಕೆಮ್ಮು ಕೇಳಿ ಜ್ಯೂಸಕ್ಕ ಹೊರಗೆ ಬಂದಳು. ಹುಡುಗಿಯ ತುಟಿ ಬಾತಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಲೋಟದ ತಳದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಬೀಜಗಳು.

“ಏನ್ ಹಾಕಿದ್ರಿ?”

“ಒಂದೇ ಒಂದು ಹೋಳು ಕಣೇ...”

ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಅವಳು ಹುಡುಗಿಯ ಬೆನ್ನಿನಿಂದ ಕೈ ತೆಗೆಯಲಿಲ್ಲ. ಚುಚ್ಚುಮದ್ದು ಬಿದ್ದ ಮೇಲೆ ಉಸಿರು ಹದಕ್ಕೆ ಬಂತು.

“ಹಣ್ಣಲ್ಲಿ ವಿಟಮಿನ್ನು, ನಾರು ಎಲ್ಲಾ ಇದೆ, ನಿಜ,” ಎಂದರು ಡಾಕ್ಟರಮ್ಮ. “ಅದೇ ತಿರುಳಲ್ಲಿ ಕೆಲವು ಪ್ರೋಟೀನೂ ಇದೆಯಲ್ಲ, ಅವನ್ನ ಇವಳ ಮೈ ಶತ್ರು ಅಂತ ತಿಳಿಯುತ್ತೆ. ಇವಳಿಗೆ ಚೂರೂ ಕೊಡಬೇಡಿ. ಇವತ್ತು ರಾತ್ರಿ ಇಲ್ಲೇ ಇರಲಿ.”

ಹೊರಗೆ ಗಂಡ ಗೊಣಗಿದ. “ಒಳ್ಳೇದಾಗ್ಲಿ ಅಂತ ಹಾಕ್ದೆ...”

“ಥೂ! ಬೇಡ ಅಂದೋರ ಬಾಯಿಗೆ ತುರುಕೋದು ಒಳ್ಳೇದಾ? ಲೋಟಕ್ಕೆ ಉಗುಳಿ ಕೊಟ್ಟ ಹಾಗಾಯ್ತು!”

ಆತ ತಲೆ ತಗ್ಗಿಸಿ ಹೋಗಿ, ಕ್ಯಾಂಟೀನಿನಿಂದ ಚಹಾ ತಂದು ಅವಳ ಮುಂದೆ ಹಿಡಿದ. ಮೇಲೆ ಕೆನೆ ಸುಕ್ಕುಗಟ್ಟಿತ್ತು.

“ಬರೀ ಟೀ ಕಣೇ. ಆಣೆ.”

ಅವಳು ಲೋಟ ತೆಗೆದುಕೊಂಡು, ಮೂಸಿ, ಮೂಲೆಯ ತೊಟ್ಟಿಗೆ ಸುರಿದಳು. ನಲ್ಲಿ ತಿರುಗಿಸಿ ಬೊಗಸೆಯೊಡ್ಡಿ ನೀರು ಕುಡಿದು, ಹುಡುಗಿಯ ಹತ್ತಿರ ಹೋಗಿ ಕುಳಿತಳು.