ಗಾಳಿ ಹೊಕ್ಕ ಹಾಲು

ಚಿಕ್ಕೋಡಿಯ ಹೊರಗಿದ್ದ ಹಾಲಿನ ಡೇರಿಯಲ್ಲಿ ಮೀಟರು, ಗೇಜುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಡಿಪ್ಲೊಮಾ ಮುಗಿದು ಎರಡು ವರ್ಷವಾಗಿತ್ತು. ಜಂಬ ಮಾತ್ರ ಇಪ್ಪತ್ತು ವರ್ಷ ದುಡಿದವನಷ್ಟಿತ್ತು. ಅದೇ ವರ್ಷ ಡೇರಿಗೆ ಹೊಸ ಮೀಟರು ಬಂತು. ಅಲ್ಲಿಯವರೆಗೆ ಟ್ಯಾಂಕರಿನೊಳಗೆ ಅಳತೆ ಕೋಲು ಇಳಿಬಿಟ್ಟು ಹಾಲು ಎಷ್ಟಿದೆ ಎಂದು ನೋಡುತ್ತಿದ್ದರು. ಇನ್ನು ಇದರ ಗರಜಿಲ್ಲ ಎಂದು ಆ ಕೋಲನ್ನು ಸ್ಟೋರಿನ ಮೂಲೆಗೆ ನಿಲ್ಲಿಸಿದವನು ನಾನೇ.

ಆ ಮೀಟರಿನ ಬಗ್ಗೆ ನನಗೆ ಇವತ್ತಿಗೂ ಮೆಚ್ಚುಗೆಯೇ. ಅದರೊಳಗೆ ತಿರುಗುವ ಚಕ್ರವಿಲ್ಲ, ಸವೆಯುವ ಹಲ್ಲಿಲ್ಲ. ಬಾಗಿದ ಎರಡು ಉಕ್ಕಿನ ಕೊಳವೆಗಳು ಸದಾ ಸಣ್ಣಗೆ ನಡುಗುತ್ತಿರುತ್ತವೆ. ಹಾಲು ಹರಿದಾಗ ಆ ನಡುಕದಲ್ಲಿ ಕಣ್ಣಿಗೆ ಕಾಣದಷ್ಟು ತಿರುಚು ಬರುತ್ತದೆ, ಆ ತಿರುಚನ್ನು ನೋಡಿ ಎಷ್ಟು ಕಿಲೋ ಹಾಲು ಹೋಯಿತೆಂದು ಅದು ಹೇಳುತ್ತದೆ. ನೀರು ಹರಿಸಿ, ಆ ನೀರನ್ನೇ ಕಾಟಾದ ಮೇಲೆ ತೂಗಿ ನೋಡಿದೆ. ಕೂದಲೆಳೆ ವ್ಯತ್ಯಾಸವಿರಲಿಲ್ಲ. ಅಂದಿನಿಂದ ನಾನು ಮನುಷ್ಯರಿಗಿಂತ ಅದನ್ನೇ ಹೆಚ್ಚು ನಂಬಿದೆ.

ತಿಂಗಳೊಳಗೆ ಹಾರೂಗೇರಿ ಕಡೆಯ ಟ್ಯಾಂಕರು ಪ್ರತಿ ಸಲ ಕಮ್ಮಿ ತೋರಿಸತೊಡಗಿತು. ಹಳ್ಳಿಗಳಲ್ಲಿ ಕ್ಯಾನು ಎಣಿಸಿ ತುಂಬಿದ್ದಕ್ಕೂ ನಮ್ಮಲ್ಲಿ ಇಳಿದದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಉಳಿದ ಟ್ಯಾಂಕರುಗಳದೆಲ್ಲ ಸರಿಯಾಗಿತ್ತು. ಈ ಗಾಡಿಯ ಡ್ರೈವರ್ ಪಾಲಬಾವಿಯವನು, ಮಾತು ಕಮ್ಮಿ.

"ದಾರ್ಯಾಗ ಎಲ್ಲೂ ಗಾಡಿ ನಿಲ್ಸಿಲ್ರಿ ಸರ್. ನಿಮ್ಮ ಮಶೀನನ ತಪ್ಪಿರಬೇಕ್ರಿ," ಅಂದ.

ನನ್ನ ಮೀಟರಿಗೆ ಅಂದರೆ ನನಗೇ ಅಂದಂತೆ. ಸಿಟ್ಟು ನೆತ್ತಿಗೇರಿತು. "ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದ್ಳಂತ," ಎಂದು ಎಲ್ಲರೆದುರು ಹೇಳಿದೆ. ಅಲ್ಲಿಗೇ ನಿಲ್ಲಲಿಲ್ಲ, ದಾರಿಯಲ್ಲಿ ಹಾಲು ತೆಗೆಯಲಾಗುತ್ತಿದೆ ಎಂದು ಕಾಗದದ ಮೇಲೆ ಬರೆದು, ಸಹಿ ಮಾಡಿ ಮ್ಯಾನೇಜರಿಗೆ ಕೊಟ್ಟೆ. ಅವರು ಆ ಕಾಗದದ ಪ್ರತಿಯನ್ನೇ ಲಗತ್ತಿಸಿ, ಇನ್ನು ಬರಬೇಡವೆಂಬ ಪತ್ರವನ್ನು ಅವನ ಮನೆಗೆ ಕಳಿಸಿದರು.

ಹೊಸ ಡ್ರೈವರ್ ಬಂದ. ಮೊದಲ ದಿನವೇ ಹಾಲು ಮತ್ತೆ ಕಮ್ಮಿ. ಎರಡನೇ ದಿನವೂ ಕಮ್ಮಿ. "ಇವನೂ ಕಳ್ಳನ ಅದಾನ," ಎಂದು ನಾನು ಗೊಣಗಿದ್ದು ಕ್ಯಾನು ತೊಳೆಯುತ್ತಿದ್ದ ಮೌಶಿಯ ಕಿವಿಗೆ ಬಿತ್ತು.

ಮೌಶಿ, ಅಂದರೆ ಚಿಕ್ಕಮ್ಮ, ಎಂದು ಡೇರಿಯವರೆಲ್ಲ ಕರೆಯುತ್ತಿದ್ದ ಅವಳು ಕಾಗವಾಡದ ಕಡೆಯವಳು. ಕ್ಯಾನುಗಳಿಗೆ ಮರಾಠಿಯಲ್ಲಿ ಬೈದು, ನಮಗೆ ಕನ್ನಡದಲ್ಲಿ ಬೈಯುತ್ತಿದ್ದಳು. ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಎಮ್ಮೆಗಳ ನಡುವೆ ಹುಟ್ಟಿ, ಎಮ್ಮೆಗಳ ಮನೆಗೇ ಸೊಸೆಯಾಗಿ ಹೋದವಳು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಮೀಟರಿನ ಮೈಮೇಲೆ ಅಂಗೈ ಇಟ್ಟಳು.

"ತಮ್ಮಾ, ಈ ಗಾಡಿ ಬಂದಾಗಷ್ಟ ಇದರ ದನಿ ಕೆಡತೈತಿ. ಹಾಲಿನ್ಯಾಗ ಗಾಳಿ ಹೊಕ್ಕೈತಿ."

"ಗಾಳಿ ಎಲ್ಲಿಂದ ಹೊಗತೈತ್ರಿ ಮೌಶಿ? ಒಂದ ಹನಿ ಸೋರಿಲ್ಲ," ಅಂದೆ.

ಅವಳು ಮೀಟರಿನ ಹಿಂದಿದ್ದ ಸಣ್ಣ ನಳದಿಂದ ಒಂದು ಸ್ಟೀಲಿನ ಲೋಟಕ್ಕೆ ಹಾಲು ಹಿಡಿದಳು. ಲೋಟದ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತಳಕ್ಕೆ ಚಮಚದಿಂದ ಮೆಲ್ಲಗೆ ಬಡಿದಳು. ದನಿ ಗೊಗ್ಗರಾಗಿ, ನೆಗಡಿಯಾದವರ ಮಾತಿನಂತೆ ಬಂತು. ಬಡಿಯುತ್ತಲೇ ಹೋದಳು. ದನಿ ಏರುತ್ತ ಏರುತ್ತ ಕೊನೆಗೆ ಸ್ವಚ್ಛವಾಗಿ ಠಣ್ಣೆಂದಿತು. ಆಮೇಲೆ ಬೇರೆ ಟ್ಯಾಂಕರಿನ ಹಾಲು ಹಿಡಿದು ಬಡಿದಳು. ಅದು ಮೊದಲ ಪೆಟ್ಟಿಗೇ ಠಣ್ಣೆಂದಿತು, ಕೊನೆಯವರೆಗೂ ಹಾಗೇ ಉಳಿಯಿತು.

ಅವಳ ಅತ್ತೆ ಕಲಿಸಿದ ಪರೀಕ್ಷೆಯಂತೆ ಅದು. ಹಾಲು ಮಾರುವವರು ಎತ್ತರದಿಂದ ಸುರಿದು, ನೊರೆ ಎಬ್ಬಿಸಿ ಮಾಪು ತುಂಬಿಸಿದರೆ, ಅತ್ತೆ ಪಾತ್ರೆಯ ತಳ ಬಡಿದು ಕಿವಿಗೊಡುತ್ತಿದ್ದಳಂತೆ. ನೊರೆ ಮೇಲೆ ಕಂಡರೆ ಊದಿ ಸರಿಸಬಹುದು. ಒಳಗೆ ಕಣ್ಣಿಗೆ ಕಾಣದೆ ಕೂತ ಗಾಳಿಯನ್ನು ದನಿಯೇ ಹೇಳಬೇಕು.

ಲಕ್ಷಗಟ್ಟಲೆ ಬೆಲೆಯ ಮೀಟರು ಕೊಳವೆ ನಡುಗಿಸಿಯೂ ಹೇಳಲಾಗದ್ದನ್ನು ಈ ಹೆಂಗಸು ಒಂದು ಚಮಚದಿಂದ ಹೇಳಿದ್ದಳು. ಮೀಟರು ಎಲ್ಲಿ ಎಡವಿತೆಂಬುದೂ ಆಗ ಹೊಳೆಯಿತು. ಮೊರದಲ್ಲಿ ಜೋಳ ಕೇರುವಾಗ ಕಾಳು ಒಂದು ಕಡೆ, ಹೊಟ್ಟು ಇನ್ನೊಂದು ಕಡೆ ಸರಿಯುತ್ತವಲ್ಲ, ಹಾಗೆ. ಕೊಳವೆ ನಡುಗಿದಾಗ ಬರೀ ಹಾಲಾದರೆ ಅದರ ಜೊತೆಗೇ ಅಲ್ಲಾಡುತ್ತದೆ. ಗಾಳಿ ಸೇರಿದರೆ ಗುಳ್ಳೆಗಳು ಒಂದು ತಾಳಕ್ಕೆ, ಹಾಲು ಇನ್ನೊಂದು ತಾಳಕ್ಕೆ. ಕೊಳವೆಗೆ ಪೂರಾ ತೂಕ ತಿಳಿಯುವುದೇ ಇಲ್ಲ, ಹಾಲು ಇದ್ದದ್ದಕ್ಕಿಂತ ಕಮ್ಮಿ ತೋರಿಸುತ್ತದೆ.

ಇನ್ನು ಗಾಳಿ ಹೊಗುವ ಜಾಗ. ಹೊಸ ಡ್ರೈವರನ ಕಿವಿಯ ಹಿಂದೆ ನಿಪ್ಪಾಣಿ ಬೀಡಿಯೊಂದು ಇತ್ತು. ಡೇರಿಯಲ್ಲಿ ಬೀಡಿ ಸೇದಬಾರದೆಂದು ಬೋರ್ಡು ಬರೆಸಿದವನೇ ನಾನು. ಆ ದಿನ ನಾನೇ ಅದನ್ನು ಹಚ್ಚಿಸಿದೆ. ಟ್ಯಾಂಕರಿನಿಂದ ಪಂಪಿಗೆ ಹೋಗುವ ಪೈಪಿನ ಉದ್ದಕ್ಕೂ ಬೀಡಿ ಹಿಡಿದು ನಡೆದೆ. ಟ್ಯಾಂಕರಿನ ಬಾಯಿಗೆ ಪೈಪು ಕೂಡುವಲ್ಲಿ, ಮೇಲೆ ಹೋಗುತ್ತಿದ್ದ ಹೊಗೆ ತಟ್ಟನೆ ಬಾಗಿ ಜೋಡಣೆಯೊಳಗೆ ನುಗ್ಗಿತು. ಪಂಪು ಎಳೆಯುವ ಕಡೆ ಅದು. ಅಲ್ಲಿ ಸಂದಿಯಿದ್ದರೆ ಹಾಲು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ಆ ಜೋಡಣೆಯಲ್ಲಿದ್ದ ವಾಷರು ನನ್ನದು. ಆ ಹಳೆಯ ಟ್ಯಾಂಕರಿನ ಬಾಯಿ ಬೇರೆ ಅಳತೆಯದಿತ್ತು. ಮೀಟರಿನ ಜೊತೆ ಬಂದ ಹೊಸ ಪೈಪಿನ ವಾಷರು ಅದಕ್ಕೆ ಕೂರಲಿಲ್ಲ. ತರಿಸಲು ತಡವಾಗುತ್ತದೆಂದು ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ನಾನೇ ವಾಷರು ಮಾಡಿ, ಹೆಂಗೈತಿ ನನ್ನ ಕೈಗುಣ ಎಂದು ಮೌಶಿಗೇ ತೋರಿಸಿದ್ದೆ. ನೆಲ ಡೊಂಕಾಗಿತ್ತು. ಡೊಂಕು ಮಾಡಿದವನು ನಾನು.

ಸರಿಯಾದ ವಾಷರು ತರಿಸಿ ಹಾಕಿದ ದಿನ ಹಾರೂಗೇರಿಯ ಹಾಲು ತಾಳೆಯಾಯಿತು. ಮ್ಯಾನೇಜರು ಹಳೆಯ ಡ್ರೈವರನನ್ನು ಕರೆಸಲು ಆಳು ಕಳಿಸುತ್ತೇನೆ ಅಂದರು. ಮೌಶಿ ಕ್ಯಾನು ತೊಳೆಯುವುದನ್ನು ನಿಲ್ಲಿಸದೆ ನನಗೆ ಹೇಳಿದಳು: "ಕಳ್ಳ ಅಂತ ಕಾಗದದ ಮ್ಯಾಲ ಬರದಿ. ಅಲ್ಲ ಅನ್ನೂದೂ ಕಾಗದದ ಮ್ಯಾಲ ಬರಿ. ನೀನ ಒಯ್ದ ಕೊಡು."

ಬರೆದೆ. ಪಾಲಬಾವಿಗೆ ಹೋದೆ. ಅವನು ಮನೆಯ ಮುಂದೆ ಎಮ್ಮೆಗೆ ಮೇವು ಹಾಕುತ್ತಿದ್ದ. ನಾನು ತಪ್ಪಾಯಿತೆಂದು ಶುರುಮಾಡುವಷ್ಟರಲ್ಲಿ ಕೈಯೆತ್ತಿ ತಡೆದ. ಒಳಗಿಂದ ಹೆಂಡತಿಯನ್ನು ಕರೆದ. ಕಟ್ಟೆಯ ಮೇಲೆ ಕೂತಿದ್ದ ಅವನ ಮಾವನನ್ನೂ ಕರೆದ.

"ನನಗ ಓದಾಕ ಬರೂದಿಲ್ರಿ ಸರ್. ಮೊದಲಿನ ಕಾಗದಾ ನಮ್ಮ ಮಾವನ ಮುಂದ ಇಕೀನ ಓದಿದ್ಳು. ಇದನ್ನೂ ಇಕೀನ ಓದ್ಲಿ."

ಅವಳು ಒದ್ದೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. 'ಡ್ರೈವರನದು ಏನೂ ತಪ್ಪಿಲ್ಲ, ತಪ್ಪು ನನ್ನದು' ಎಂಬಲ್ಲಿಗೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ತನ್ನ ಅಪ್ಪನ ಕಡೆ ತಿರುಗಿ, ಆ ಸಾಲನ್ನು ಇನ್ನೊಂದು ಸಲ ಓದಿದಳು.