ಹುಲ್ಲು ಅಳೆಯುತ್ತಿದ್ದವರು

ಕುಂಸಿ ಹತ್ತಿರದ ದನಗಳ ಫಾರಂನಲ್ಲಿ ಅವರು ಮೇವಿನ ಸೂಪರ್‌ವೈಸರ್, ನಾನು ಗುಮಾಸ್ತ. ಕೋಲಿಗೆ ತಟ್ಟೆ ಸಿಕ್ಕಿಸಿದಂತಿದ್ದ ಮೀಟರನ್ನು ಹೆಜ್ಜೆಗೊಮ್ಮೆ ಹುಲ್ಲಿನ ಮೇಲೆ ಊರಿ ಅವರು ಎತ್ತರ ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಮುಗಿಯಿತೆಂದು ಪೆನ್ನು ಮುಚ್ಚಿದರೆ, "ಇನ್ನೊಂದ್ಸಲ ನೋಡ್ಬಿಡೋಣ ಮಾರಾಯ" ಎನ್ನುತ್ತಿದ್ದರು.

ಒಮ್ಮೆ ಶಿವಮೊಗ್ಗದಿಂದ ಬಂದ ಸಾಹೇಬರು ಮೂರನೇ ಬಯಲಿಗೆ ದನ ಬಿಡಲು ಹೇಳಿದರು. ಇವರು ಗೇಟಿಗೆ ಅಡ್ಡ ನಿಂತರು.

"ಹುಲ್ಲು ಇನ್ನೂ ಎದ್ದಿಲ್ಲ ಸಾರ್. ಈಗ ಮೇಯ್ಸಿದ್ರೆ ಬುಡವೇ ಹೋಗುತ್ತೆ."

"ಹಸಿರಾಗೇ ಕಾಣ್ತಿದೆಯಲ್ರೀ."

ಇವರು ಮೀಟರನ್ನು ಸಾಹೇಬರ ಕೈಗಿಟ್ಟರು. "ನೀವೇ ನೋಡಿ ಸಾರ್."

ಸಾಹೇಬರು ಹತ್ತು ಕಡೆ ಊರಿ ನೋಡಿ, ಮೀಟರನ್ನು ಹಿಂದಿರುಗಿಸಿ ಜೀಪು ಹತ್ತಿದರು. ದನಗಳು ಕೊಟ್ಟಿಗೆಯಲ್ಲೇ ಉಳಿದವು. ಗೆದ್ದೆವೆಂದುಕೊಂಡು ನಾನು ಊಟದ ಡಬ್ಬಿ ಬಿಚ್ಚಿದೆ. ಅವರು ಬಿಸಿಲಲ್ಲಿ ಮತ್ತೆ ಅದೇ ಬಯಲಿಗೆ ಇಳಿದಿದ್ದರು. ಕೂಗಿ ಕರೆದೆ.

"ನೀನು ಉಣ್ಣು. ನಾನೇ ತಪ್ಪು ಓದಿದ್ರೆ, ಪಾಪ, ದನ ಸುಮ್ನೆ ಉಪವಾಸ ಅಲ್ವಾ?" ಎಂದರು.